ಎಣ್ಣೆಗೆ ಚೀಸ್ ಸೋರದ ಹಾಗೆ ಗರಿಗರಿ ಚೀಸ್ ಸ್ಟಿಕ್ಸ್ ಕರಿಯುವುದು ಹೇಗೆ

ಮನೆಯಲ್ಲಿ ಚೀಸ್ ಸ್ಟಿಕ್ಸ್ ಮಾಡಲು ಹೋದವರ ದೂರು ಒಂದೇ. ಎಣ್ಣೆಗೆ ಬಿಟ್ಟು ಇನ್ನೂ ಅರ್ಧ ನಿಮಿಷ ಆಗಿರುವುದಿಲ್ಲ, ಒಳಗಿದ್ದ ಚೀಸೆಲ್ಲ ಹೊರಗೆ ಬಂದು ಬಾಣಲೆ ತುಂಬ ಹರಡಿಕೊಳ್ಳುತ್ತದೆ, ಸೌಟಿಗೆ ಸಿಗುವುದು ಬರೀ ಬ್ರೆಡ್ ಪುಡಿಯ ಟೊಳ್ಳು ಸಿಪ್ಪೆ. ನಮ್ಮ ಮನೆಯಲ್ಲೂ ಮೊದಲ ಸಲ ಹಾಗೇ ಆಯಿತು. ಮಗಳ ಹುಟ್ಟುಹಬ್ಬ, ಮನೆ ತುಂಬ ಮಕ್ಕಳು, 12 ಸ್ಟಿಕ್ಸ್‌ನಲ್ಲಿ 7 ಒಡೆದುಹೋದವು. ಚೀಸ್ ಏನು ಕಡಿಮೆ ಬೆಲೆಯ ಸಾಮಾನಲ್ಲ, ಹೊಟ್ಟೆ ಉರಿಯಿತು. ಆಮೇಲೆ ಬಿಡದೆ ಮತ್ತೆ ಮತ್ತೆ ಮಾಡಿ ನೋಡಿದೆ, ಪ್ರತಿ ಸಲ ಒಂದೊಂದನ್ನೇ ಬದಲಾಯಿಸಿ. ಈಗ ಒಡೆಯುವುದಿಲ್ಲ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಣಲೆಯಲ್ಲಿ ಏನಾಗುತ್ತದೆ ಅಂತ ಮೊದಲು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಮೊಝರೆಲ್ಲಾ ಚೀಸ್ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಕರಗಿ ಹರಿಯಲು ಶುರುವಾಗುತ್ತದೆ. ಎಣ್ಣೆ ಇರುವುದು 180 ಡಿಗ್ರಿಯಲ್ಲಿ. ಹೊರಗಿನ ಬ್ರೆಡ್ ಪುಡಿ ಕೆಂಪಾಗಿ ಗರಿಗರಿ ಆಗಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಆ ಒಂದು ನಿಮಿಷ ಚೀಸ್ ಹರಿಯದೆ ಒಳಗೇ ಇರಬೇಕು, ಅಷ್ಟೇ. ಚೀಸನ್ನು ಫ್ರೀಜರ್‌ನಲ್ಲಿ ಕಲ್ಲಾಗಿಸುವುದು, ಎರಡು ಸುತ್ತು ಹೊದಿಕೆ ಹಾಕುವುದು, ಎಣ್ಣೆ ಚೆನ್ನಾಗಿ ಕಾಯುವ ತನಕ ಕಾಯುವುದು, ಎಲ್ಲವೂ ಈ ಒಂದು ನಿಮಿಷಕ್ಕಾಗಿಯೇ. ಮೂರರಲ್ಲಿ ಯಾವುದನ್ನು ಬಿಟ್ಟರೂ ಸೋರುತ್ತದೆ.

ಯಾವ ಚೀಸ್ ತರಬೇಕು

ಮೊಝರೆಲ್ಲಾ ಬ್ಲಾಕ್ ತನ್ನಿ, 200 ಗ್ರಾಮಿನದು ಸಾಕು. ಪಿಜ್ಜಾಕ್ಕೆ ತುರಿದು ಹಾಕುತ್ತೇವಲ್ಲ, ಗಟ್ಟಿ ಇಟ್ಟಿಗೆಯ ಹಾಗಿರುವುದು, ಅದು. ಸಣ್ಣ ತುಂಡು ಮಾಡಿ ಪ್ಯಾಕೆಟ್‌ನಲ್ಲಿ ಮಾರುವ ಮೊಝರೆಲ್ಲಾ ಇದಕ್ಕೆ ಬರುವುದಿಲ್ಲ, ಕಡ್ಡಿ ಕತ್ತರಿಸಲು ಆಗಬೇಕಲ್ವಾ. ಇನ್ನು ನೀರಿನಲ್ಲಿ ತೇಲಿಬಿಟ್ಟ ಬಿಳಿ ಉಂಡೆಯ ತಾಜಾ ಮೊಝರೆಲ್ಲಾ ಕೆಲವು ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಇಟಲಿಯ ನೇಪಲ್ಸ್ ಕಡೆಯವರು ಎಮ್ಮೆ ಹಾಲಿನಲ್ಲಿ ಮಾಡುವ ಚೀಸ್ ಆ ಜಾತಿಯದು. ತಿನ್ನಲು ಬಹಳ ರುಚಿ, ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಆ ನೀರು ಬಿಸಿ ಎಣ್ಣೆಯಲ್ಲಿ ಆವಿಯಾಗಿ ಹೊದಿಕೆಯನ್ನು ಒಡೆದುಕೊಂಡು ಬರುತ್ತದೆ. ಅದನ್ನು ಟೊಮೆಟೊ ಜೊತೆ ಹಾಗೇ ತಿನ್ನಿ, ಕರಿಯಬೇಡಿ.

ಬೆಳ್ಳಿ ಕಾಗದದಲ್ಲಿ ಸುತ್ತಿದ ಪ್ರೊಸೆಸ್ಡ್ ಚೀಸ್ ಕ್ಯೂಬ್ ಎಲ್ಲರ ಮನೆ ಫ್ರಿಜ್‌ನಲ್ಲೂ ಇರುತ್ತದೆ. ಅದನ್ನು ಬಳಸಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬಳಸಬಹುದು, ಆದರೆ ಕಚ್ಚಿ ಎಳೆದಾಗ ಉದ್ದಕ್ಕೆ ದಾರ ಬರುವುದಿಲ್ಲ. ಆ ಚೀಸ್ ಒಂದೇ ಸಮ ಕರಗಲಿ ಅಂತ ಅದಕ್ಕೆ ಕೆಲವು ಲವಣ ಸೇರಿಸಿರುತ್ತಾರೆ, ಹಾಗಾಗಿ ಎಳೆ ಆಗದೆ ಗಂಜಿಯ ಹಾಗೆ ಮೆತ್ತಗಾಗುತ್ತದೆ. ಅದಕ್ಕೆ ಬೇರೆ ಒಳ್ಳೆ ಉಪಯೋಗ ಇದೆ, ಕೊನೆಗೆ ಹೇಳುತ್ತೇನೆ.

ಪ್ಯಾಕೆಟ್ ಹಿಂದೆ ಏನು ಬರೆದಿದೆ ಅಂತ ದಯವಿಟ್ಟು ಓದಿ. ಮೊದಲ ಸಾಮಾನು ಹಾಲು ಆಗಿರಬೇಕು. ಅನಲಾಗ್ ಅಂತ ಇದ್ದರೆ, ಅಥವಾ ವನಸ್ಪತಿ ಎಣ್ಣೆ ಅಂತ ಇದ್ದರೆ ಬಿಟ್ಟುಬಿಡಿ, ಅದು ಚೀಸ್ ಅಲ್ಲ. ಸಸ್ಯಾಹಾರಿಗಳು ಹಸಿರು ಚುಕ್ಕೆಯನ್ನೂ ನೋಡಿಕೊಳ್ಳಿ. ಹಾಲು ಹೆಪ್ಪುಗಟ್ಟಿಸುವ ರೆನೆಟ್ ಅನ್ನು ಮೊದಲೆಲ್ಲ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು, ಈಗಲೂ ಕೆಲವು ವಿದೇಶಿ ಚೀಸ್‌ಗಳಲ್ಲಿ ಅದೇ ಇರುತ್ತದೆ. ಹೊರದೇಶದಲ್ಲಿರುವ ನಮ್ಮವರು ಇದನ್ನು ನೋಡಿಯೇ ಕೊಳ್ಳಬೇಕು. ಅಮೆರಿಕದಲ್ಲಿರುವವರಿಗೆ ಒಂದು ಅನುಕೂಲವೂ ಇದೆ, ಅಲ್ಲಿ ಸ್ಟ್ರಿಂಗ್ ಚೀಸ್ ಅಂತ ಕಡ್ಡಿಯ ಆಕಾರದಲ್ಲೇ ಸಿಗುತ್ತದೆ. ಮಧ್ಯಕ್ಕೆ ಕತ್ತರಿಸಿದರೆ ಕೆಲಸ ಮುಗಿಯಿತು.

ಸಾಮಾನು

200 ಗ್ರಾಂ ಚೀಸಿಗೆ ಸುಮಾರು 12 ಸ್ಟಿಕ್ಸ್ ಆಗುತ್ತವೆ. ಹೊರಳಿಸಲು 3 ದೊಡ್ಡ ಚಮಚ ಒಣ ಮೈದಾ. ಕಲಸಲು 6 ದೊಡ್ಡ ಚಮಚ ಮೈದಾ, 3 ದೊಡ್ಡ ಚಮಚ ಕಾರ್ನ್‌ಫ್ಲೋರ್, ಅರ್ಧ ಕಪ್ ನೀರು. ಬ್ರೆಡ್ ಪುಡಿ ಒಂದೂವರೆ ಕಪ್, ಸ್ವಲ್ಪ ಜಾಸ್ತಿಯೇ ಇರಲಿ. ಅರ್ಧ ಚಮಚ ಕಾಳುಮೆಣಸಿನ ಪುಡಿ, ಅರ್ಧ ಚಮಚ ಒರೆಗಾನೊ. ಒರೆಗಾನೊ ಇಲ್ಲದಿದ್ದರೆ ಕಾಲು ಚಮಚ ಓಮವನ್ನು ಅಂಗೈಯಲ್ಲಿ ತಿಕ್ಕಿ ಹಾಕಿ, ವಾಸನೆ ಹೆಚ್ಚುಕಡಿಮೆ ಹತ್ತಿರ ಬರುತ್ತದೆ, ನನಗಂತೂ ಓಮವೇ ಇಷ್ಟ. ಉಪ್ಪು ಒಂದು ಚಿಟಿಕೆ ಸಾಕು, ಚೀಸಿನಲ್ಲೇ ಇರುತ್ತದೆ. ಖಾರದ ಪುಡಿಯನ್ನು ಹೊರಗಿನ ಹೊದಿಕೆಗೆ ಹಾಕಬೇಡಿ, ಬಿಸಿ ಎಣ್ಣೆಯಲ್ಲಿ ಬೇಗ ಕಪ್ಪಾಗಿ ಕಹಿ ಬರುತ್ತದೆ. ಕರಿಯಲು ಅರ್ಧ ಲೀಟರ್ ಸೂರ್ಯಕಾಂತಿ ಎಣ್ಣೆ ಅಥವಾ ರಿಫೈನ್ಡ್ ಕಡಲೆಕಾಯಿ ಎಣ್ಣೆ.

ಮೊಟ್ಟೆ ತಿನ್ನುವವರು ಮೈದಾ ಕಲಸಿದ ನೀರಿನ ಬದಲು 2 ಮೊಟ್ಟೆ ಒಡೆದು ಎರಡು ಚಮಚ ಹಾಲು ಹಾಕಿ ಕಲಕಿಕೊಳ್ಳಿ. ಮೊಟ್ಟೆ ಹಿಡಿತ ಚೆನ್ನಾಗಿ ಕೊಡುತ್ತದೆ, ನಿಜ. ಆದರೆ ಮೈದಾ ಮತ್ತು ಕಾರ್ನ್‌ಫ್ಲೋರ್ ಹಿಟ್ಟೂ ಕಡಿಮೆಯೇನಲ್ಲ, ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ನಾನು ಯಾವಾಗಲೂ ಹಿಟ್ಟಿನಲ್ಲೇ ಮಾಡುವುದು.

ಬ್ರೆಡ್ ಪುಡಿ ಮನೆಯಲ್ಲೇ ಮಾಡಿ. ಎರಡು ದಿನ ಹಳೆಯ ಬ್ರೆಡ್ 7-8 ಹೋಳು ತೆಗೆದುಕೊಂಡು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಸಣ್ಣ ಉರಿಯಲ್ಲಿ ತವದ ಮೇಲೆ ಕೈಯಾಡಿಸುತ್ತಾ ಒಣಗಿಸಿ. ಬಣ್ಣ ಬರಬಾರದು, ತೇವ ಹೋದರೆ ಸಾಕು. ಮಳೆಗಾಲದಲ್ಲಿ ಅಂಗಡಿಯಿಂದ ತಂದ ಪುಡಿಯನ್ನೂ ಹೀಗೆ ಒಂದು ಸುತ್ತು ಬಿಸಿ ಮಾಡಿಯೇ ಬಳಸಿ. ಮೆತ್ತಗಾದ ಪುಡಿ ಎಷ್ಟು ಕರಿದರೂ ಗರಿಗರಿ ಆಗುವುದಿಲ್ಲ. ರಸ್ಕ್ ಪುಡಿಯೂ ಆಗುತ್ತದೆ, ಆದರೆ ಅದರಲ್ಲಿ ಸಕ್ಕರೆ ಇರುವುದರಿಂದ ಬೇಗ ಕೆಂಪಾಗುತ್ತದೆ, ಜೊತೆಗೆ ಸಿಹಿ ಬೇರೆ. ಚಿರೋಟಿ ರವೆ ಹಾಕಬಹುದಾ? ಮಂಗಳೂರಿನ ಕಡೆ ಮೀನಿಗೆ ರವೆ ಹೊರಳಿಸಿ ಕಾಯಿಸುತ್ತಾರಲ್ಲ, ಅದು ಕಾವಲಿಯ ಮೇಲೆ ನಿಧಾನಕ್ಕೆ ಬೇಯುತ್ತದೆ, ರವೆಗೆ ಸಮಯ ಸಿಗುತ್ತದೆ. ಇಲ್ಲಿ ನಮಗೆ ಇರುವುದು ಒಂದೇ ನಿಮಿಷ. ರವೆ ಕಲ್ಲು ಕಲ್ಲಾಗಿ ಉಳಿದುಬಿಡುತ್ತದೆ.

ಕತ್ತರಿಸಿ, ಹೊದಿಸಿ, ಫ್ರೀಜರ್‌ಗೆ ಇಡುವುದು

ಚೀಸ್ ಫ್ರಿಜ್‌ನಿಂದ ತೆಗೆದ ತಣ್ಣಗಿನದೇ ಇರಲಿ. ಒಂದೂವರೆ ಸೆಂಟಿಮೀಟರ್ ದಪ್ಪ, 7 ಸೆಂಟಿಮೀಟರ್ ಉದ್ದ, ನಿಮ್ಮ ತೋರುಬೆರಳಿನಷ್ಟು ಅಂದುಕೊಳ್ಳಿ. ಇದಕ್ಕಿಂತ ತೆಳು ಮಾಡಿದರೆ ಹೊರಗೆ ಕೆಂಪಾಗುವ ಮೊದಲೇ ಕರಗುತ್ತದೆ, ದಪ್ಪ ಮಾಡಿದರೆ ಹೊರಗೆ ಕೆಂಪಾದರೂ ಒಳಗೆ ಗಟ್ಟಿಯೇ ಇರುತ್ತದೆ. ಕತ್ತರಿಸಿದ ತುಂಡುಗಳನ್ನು ಒಂದು ಒಣ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಮೇಲೆ ತೇವ ಇದ್ದರೆ ಮೈದಾ ಅಲ್ಲೇ ಮುದ್ದೆಯಾಗುತ್ತದೆ.

ಹಿಟ್ಟಿನ ಹದ ಹೇಗಿರಬೇಕು ಅಂದರೆ ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಬಜ್ಜಿ ಹಿಟ್ಟಿಗಿಂತ ತೆಳು. ಚಮಚ ಅದ್ದಿ ಎತ್ತಿದರೆ ಚಮಚದ ಬೆನ್ನಿಗೆ ಪದರವಾಗಿ ಅಂಟಬೇಕು, ಬೆರಳಲ್ಲಿ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಅರ್ಧ ಕಪ್ ನೀರು ಹಾಕಿ ನೋಡಿ, ಗಟ್ಟಿ ಅನಿಸಿದರೆ ಒಂದೊಂದೇ ಚಮಚ ಸೇರಿಸಿ. ಕಾರ್ನ್‌ಫ್ಲೋರ್ ತಳಕ್ಕೆ ಕೂರುತ್ತದೆ, ನಡುನಡುವೆ ಕಲಕುತ್ತಾ ಇರಿ. ಕಾಳುಮೆಣಸು, ಉಪ್ಪು ಈ ಹಿಟ್ಟಿಗೆ, ಒರೆಗಾನೊ ಅಥವಾ ಓಮ ಬ್ರೆಡ್ ಪುಡಿಗೆ.

ಈಗ ಮೂರು ತಟ್ಟೆ ಸಾಲಾಗಿ ಇಟ್ಟುಕೊಳ್ಳಿ: ಒಣ ಮೈದಾ, ಹಿಟ್ಟು, ಬ್ರೆಡ್ ಪುಡಿ. ಒಂದು ಕೈ ಒಣ ಕೆಲಸಕ್ಕೆ, ಇನ್ನೊಂದು ಕೈ ಹಸಿ ಕೆಲಸಕ್ಕೆ. ಇದನ್ನು ಪಾಲಿಸದಿದ್ದರೆ ನಾಲ್ಕನೇ ಸ್ಟಿಕ್ ಹೊತ್ತಿಗೆ ಬೆರಳುಗಳಿಗೇ ಹೊದಿಕೆ ಆಗಿರುತ್ತದೆ. ಚೀಸನ್ನು ಮೈದಾದಲ್ಲಿ ಹೊರಳಿಸಿ, ಕೊಡವಿ, ಹಿಟ್ಟಿನಲ್ಲಿ ಅದ್ದಿ, ಜಾಸ್ತಿ ಇದ್ದದ್ದು ತೊಟ್ಟಿಕ್ಕಿ ಹೋಗಲು ಬಿಡಿ, ಬ್ರೆಡ್ ಪುಡಿಯ ಮೇಲಿಟ್ಟು ಮೇಲಿಂದಲೂ ಪುಡಿ ಸುರಿದು ಮೆತ್ತಗೆ ಒತ್ತಿ. ಮತ್ತೆ ಹಿಟ್ಟು, ಮತ್ತೆ ಪುಡಿ. ಎರಡನೇ ಸುತ್ತಿಗೆ ಒಣ ಮೈದಾ ಬೇಡ.

ಇಲ್ಲಿ ಒಂದು ಜಾಗದಲ್ಲಿ ನಿಧಾನ ಮಾಡಿ, ಎರಡು ತುದಿಗಳಲ್ಲಿ. ಸ್ಟಿಕ್‌ನ ಉದ್ದದ ನಾಲ್ಕು ಮುಖಕ್ಕೆ ಪುಡಿ ತಾನಾಗಿ ಅಂಟಿಕೊಳ್ಳುತ್ತದೆ, ತುದಿಗಳ ಮೂಲೆಗಳಲ್ಲಿ ಮಾತ್ರ ತೆಳುವಾಗುತ್ತದೆ. ಯಾಕೆಂದರೆ ನಾವು ಹಿಡಿದುಕೊಳ್ಳುವುದೇ ಅಲ್ಲಿ. ನನ್ನ ಮನೆಯಲ್ಲಿ ಒಡೆದ ಸ್ಟಿಕ್ಸ್‌ನಲ್ಲಿ ಹೆಚ್ಚಿನವು ತುದಿಯಲ್ಲೇ ಒಡೆದಿದ್ದವು. ಎರಡನೇ ಸುತ್ತು ಆದ ಮೇಲೆ ಸ್ಟಿಕ್ಕನ್ನು ಬೆಳಕಿಗೆ ಹಿಡಿದು ತುದಿ ನೋಡಿ. ಬಿಳಿಯಾಗಿ, ನುಣ್ಣಗೆ ಹೊಳೆಯುವ ಜಾಗ ಕಂಡರೆ ಅಲ್ಲಿ ಪುಡಿ ಇಲ್ಲ ಅಂತ ಅರ್ಥ. ಒಂದು ತೊಟ್ಟು ಹಿಟ್ಟು ಬೆರಳಲ್ಲಿ ಸವರಿ, ಚಿಟಿಕೆ ಪುಡಿ ಒತ್ತಿ. 12 ಸ್ಟಿಕ್ಸ್‌ಗೆ ಇದು ಮೂರು ನಿಮಿಷದ ಕೆಲಸ.

ಆಮೇಲೆ ತಟ್ಟೆಗೆ ಬೆಣ್ಣೆ ಕಾಗದ ಹಾಸಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಫ್ರೀಜರ್‌ಗೆ ಇಡಿ. ಎಷ್ಟು ಹೊತ್ತು? ಎರಡು ಬಾಗಿಲಿನ ಫ್ರಿಜ್ ಆದರೆ ಎರಡು ಗಂಟೆ. ಒಂದೇ ಬಾಗಿಲಿನದಾದರೆ ಒಳಗಿನ ಫ್ರೀಜರ್ ಡಬ್ಬಿ ಅಷ್ಟು ತಣ್ಣಗಿರುವುದಿಲ್ಲ, ನಾಲ್ಕು ಗಂಟೆ ಬೇಕು. ರಾತ್ರಿ ಮಾಡಿಟ್ಟು ಮರುದಿನ ಕರಿದರೆ ಇನ್ನೂ ಒಳ್ಳೆಯದು. ನೆಂಟರು ಬರುವ ಹಿಂದಿನ ದಿನವೇ ಕೆಲಸ ಮುಗಿದಿರುತ್ತದೆ. ತಟ್ಟೆಗೆ ಬಡಿದರೆ ಟಕ್ ಅಂತ ಸದ್ದು ಬರಬೇಕು, ಅದೇ ಲೆಕ್ಕ. ಹಸಿವಾಗಿದೆ, ಅರ್ಧ ಗಂಟೆ ಸಾಕು ಬಿಡು ಅಂತ ತೆಗೆಯಬೇಡಿ. ಇದರಲ್ಲಿ ರಾಜಿ ಮಾಡಿಕೊಂಡರೆ ಹೊದಿಕೆ ಎಷ್ಟು ಚೆನ್ನಾಗಿ ಹಾಕಿದ್ದರೂ ಪ್ರಯೋಜನ ಇಲ್ಲ.

ಕರಿಯುವುದು

ಅಗಲದ ಬಾಣಲೆ ಬೇಡ. ಚಿಕ್ಕದಾದ, ಆಳವಾದ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ, ಎಣ್ಣೆ ಎರಡು ಇಂಚು ಆಳ ಇರಬೇಕು ಮತ್ತು ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಬಾರದು. ಮಧ್ಯಮ ಉರಿಯಲ್ಲಿ ಕಾಯಿಸಿ. ಥರ್ಮಾಮೀಟರ್ ಇದ್ದರೆ 180 ರಿಂದ 185. ಇಲ್ಲದವರು ಒಂದು ತೊಟ್ಟು ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಮುಳುಗಿದ ಹಾಗೆ ಮಾಡಿ ತಕ್ಷಣ ಮೇಲೆ ಬಂದು ಗುಳ್ಳೆ ಸುತ್ತಿಕೊಂಡರೆ ಸರಿ. ಬಿಟ್ಟ ಕೂಡಲೇ ಕಂದಾದರೆ ಅತಿಯಾಯಿತು, ಉರಿ ಆರಿಸಿ ಎರಡು ನಿಮಿಷ ಬಿಡಿ. ಬ್ರೆಡ್ಡಿನ ಒಂದು ಸಣ್ಣ ಚೂರು ಹಾಕಿ ಎಣಿಸಿದರೂ ಆಯಿತು, ಒಂದು ನಿಮಿಷದ ಒಳಗೆ ಹೊಂಬಣ್ಣ ಬರಬೇಕು.

ಫ್ರೀಜರ್‌ನಿಂದ ಒಂದೇ ಸಲ ಎಲ್ಲವನ್ನೂ ಹೊರಗೆ ತೆಗೆಯಬೇಡಿ. ಮೂರು ತೆಗೆಯಿರಿ, ಮೂರನ್ನೇ ಕರಿಯಿರಿ. ಜಾಸ್ತಿ ಹಾಕಿದರೆ ಎಣ್ಣೆಯ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಕೆಂಪಾಗಲು ಎರಡು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಒಳಗಿನದು ಹರಿದಿರುತ್ತದೆ. ಸ್ಟಿಕ್ ಮೇಲೆ ಬಿಳಿ ಮಂಜಿನ ಪುಡಿ ಕಂಡರೆ ಬಟ್ಟೆಯಲ್ಲಿ ಒರೆಸಿಯೇ ಹಾಕಿ. ಆ ಮಂಜು ನೀರು ತಾನೇ, ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ಕೈಯಿಂದ ಎಸೆಯಬೇಡಿ, ಜಾಲರಿ ಸೌಟಿನಲ್ಲಿಟ್ಟು ಮೆಲ್ಲಗೆ ಇಳಿಸಿ. ಮಕ್ಕಳನ್ನು ಒಲೆಯ ಹತ್ತಿರ ನಿಲ್ಲಿಸಿಕೊಳ್ಳಬೇಡಿ.

ಈಗ ಫೋನ್ ಪಕ್ಕಕ್ಕಿಟ್ಟು ಬಾಣಲೆಯನ್ನೇ ನೋಡಿ. ಸ್ಟಿಕ್ ಇಳಿದ ಕೂಡಲೇ ಸುತ್ತ ಸಣ್ಣ ಗುಳ್ಳೆ ಜೋರಾಗಿ ಎದ್ದು ಚರ್ ಅಂತ ಒಂದೇ ಸಮ ಸದ್ದು ಬರುತ್ತದೆ. 20 ಎಣಿಸುವಷ್ಟರಲ್ಲಿ ಪುಡಿ ಗೋಧಿ ಬಣ್ಣಕ್ಕೆ ತಿರುಗುತ್ತದೆ, ಆಗ ಒಮ್ಮೆ ಮಗುಚಿ. 40ಕ್ಕೆ ಜೇನಿನ ಬಣ್ಣ. ಗುಳ್ಳೆ ಸ್ವಲ್ಪ ಕಡಿಮೆಯಾಗಿ ಸದ್ದು ತೆಳುವಾಗುತ್ತದೆ. ಈ ಹೊತ್ತಿನಲ್ಲಿ ಯಾವುದಾದರೂ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಮಣಿ ಮೂಡಿದರೆ, ಅದು ಚೀಸ್ ದಾರಿ ಹುಡುಕಿಕೊಂಡಿದೆ ಅಂತ. ಬಣ್ಣ ಇನ್ನೂ ಬರಲಿ ಅಂತ ಕಾಯಬೇಡಿ, ಆ ಕ್ಷಣವೇ ಎತ್ತಿಬಿಡಿ. ಮಣಿ ಕಾಣದಿದ್ದರೆ 60ರ ತನಕ ಬಿಡಬಹುದು, ಅದಕ್ಕಿಂತ ಜಾಸ್ತಿ ಬೇಡ. ಒಳಗೆ ಇನ್ನೂ ಪೂರ್ತಿ ಕರಗಿಲ್ಲ ಅನಿಸಿದರೂ ಚಿಂತೆ ಇಲ್ಲ, ಹೊರಗೆ ತೆಗೆದ ಮೇಲೂ ಹೊದಿಕೆಯ ಬಿಸಿ ಒಳಕ್ಕೆ ಇಳಿಯುತ್ತಾ ಇರುತ್ತದೆ. ಎರಡು ನಿಮಿಷ ಬಿಟ್ಟು ಮುರಿದು ನೋಡಿ. ಆಗಲೂ ನಡುವೆ ಗಟ್ಟಿ ಇದ್ದರೆ ಮುಂದಿನ ಮೂರನ್ನು ಕರಿಯುವ ಮೊದಲು ಐದು ನಿಮಿಷ ಹೊರಗಿಡಿ.

ಎತ್ತಿದ್ದನ್ನು ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಕಾಗದದ ಮೇಲೆ ರಾಶಿ ಹಾಕಿದರೆ ಅಡಿಯಲ್ಲಿ ಆವಿ ಸೇರಿ ಮೆತ್ತಗಾಗುತ್ತದೆ. ಸ್ಟೀಲ್ ಜಾಲರಿ ಇಟ್ಟು ಅದರ ಮೇಲೆ ಒಂದೊಂದೇ ಬಿಡಿಬಿಡಿಯಾಗಿ ಇಡಿ. ಪೇಪರ್ ಅಂತೂ ಬೇಡವೇ ಬೇಡ, ಅದರ ಶಾಯಿ ಎಣ್ಣೆ ಜೊತೆ ಹೊಟ್ಟೆಗೆ ಹೋಗುತ್ತದೆ. ಒಂದು ಸುತ್ತು ಮುಗಿದ ಮೇಲೆ ಎಣ್ಣೆಯಲ್ಲಿ ಉಳಿದ ಪುಡಿಯನ್ನೆಲ್ಲ ಸಣ್ಣ ಜಾಲರಿಯಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಅದು ಸುಟ್ಟು ಮುಂದಿನ ಸ್ಟಿಕ್ಸ್‌ಗೆ ಕಪ್ಪು ಚುಕ್ಕೆಯಾಗಿ ಅಂಟುತ್ತದೆ. ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ ಕೊಡಿ. ಇನ್ನೊಂದು ಮಾತು, ಎಲ್ಲ ಕರಿಯುವ ಅಡುಗೆಗೂ ಸೇರಿದ್ದು. ಎಣ್ಣೆಗೇನಾದರೂ ಬೆಂಕಿ ಹತ್ತಿದರೆ ನೀರು ಹಾಕಬಾರದು. ಗ್ಯಾಸ್ ಆರಿಸಿ, ಸ್ಟೀಲ್ ತಟ್ಟೆ ಮುಚ್ಚಿ, ದೂರ ನಿಲ್ಲಿ. ಕರಿಯಲು ಶುರು ಮಾಡುವ ಮೊದಲೇ ಆ ತಟ್ಟೆ ಕೈಗೆ ಸಿಗುವ ಹಾಗಿರಲಿ.

ನಂಜಿಕೊಳ್ಳಲು

ಹೋಟೆಲಿನಲ್ಲಿ ಟೊಮೆಟೊ ಬೆಳ್ಳುಳ್ಳಿ ಸಾಸ್ ಕೊಡುತ್ತಾರೆ. ಮನೆಯಲ್ಲೂ ಮಾಡಬಹುದು, 4 ಹಣ್ಣಾದ ಟೊಮೆಟೊ, 5 ಎಸಳು ಬೆಳ್ಳುಳ್ಳಿ, ಎರಡು ಚಮಚ ಎಣ್ಣೆ, 20 ನಿಮಿಷ ಸಣ್ಣ ಉರಿ. ಆದರೆ ನನ್ನ ಪ್ರಕಾರ ಇದಕ್ಕೆ ಹೇಳಿ ಮಾಡಿಸಿದ ಜೋಡಿ ಉತ್ತರ ಕರ್ನಾಟಕದ ರಂಜಕ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಹಣ್ಣು ಹಾಕಿ ರುಬ್ಬಿದ ಚಟ್ನಿ. ರೊಟ್ಟಿಗೆ ರಂಜಕದ ಜೊತೆ ಬೆಣ್ಣೆ, ಮೊಸರು ಹಾಕಿಕೊಂಡು ತಿನ್ನುವುದು ಯಾಕೆ ಅಷ್ಟು ರುಚಿ ಹೇಳಿ? ಹಾಲಿನ ಕೊಬ್ಬು ಖಾರವನ್ನು ತಣಿಸುತ್ತದೆ, ಖಾರ ಮತ್ತು ಹುಳಿ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ. ಚೀಸಿಗೂ ಅದೇ ಲೆಕ್ಕ. ಎರಡು ಚಮಚ ರಂಜಕಕ್ಕೆ ನಾಲ್ಕು ಚಮಚ ಗಟ್ಟಿ ಮೊಸರು ಬೆರೆಸಿ. ರಂಜಕ ಇಲ್ಲದಿದ್ದರೆ 8 ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಸಿ, 6 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ ರುಬ್ಬಿಕೊಳ್ಳಿ. ಬ್ಯಾಡಗಿ ಬಣ್ಣ ಜಾಸ್ತಿ, ಖಾರ ಕಡಿಮೆ, ಮಕ್ಕಳೂ ತಿನ್ನುತ್ತಾರೆ.

ಫ್ರೀಜರ್‌ಗೆ ಕಾಯಲು ಆಗದ ದಿನ

ಆಗ ಚೀಸ್ ಉಂಡೆ ಮಾಡಿ. ಮೊದಲು ಹೇಳಿದ ಪ್ರೊಸೆಸ್ಡ್ ಕ್ಯೂಬ್ ಇಲ್ಲಿಗೆ ಬರುತ್ತದೆ. 3 ಮಧ್ಯಮ ಗಾತ್ರದ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಪೂರ್ತಿ ತಣ್ಣಗಾದ ಮೇಲೆ ತುರಿಯಿರಿ. ಹೆಚ್ಚಿ ಬೇಯಿಸಿದರೆ ನೀರು ಕುಡಿದುಕೊಳ್ಳುತ್ತದೆ, ಉಂಡೆ ಬಿರಿಯುತ್ತದೆ. ಅದಕ್ಕೆ ತುರಿದ 2 ಕ್ಯೂಬ್, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, 2 ಚಮಚ ಕಾರ್ನ್‌ಫ್ಲೋರ್ ಹಾಕಿ ನಾದಿ, ನಿಂಬೆ ಗಾತ್ರದ ಉಂಡೆ ಮಾಡಿ ನಡುವೆ ಒಂದು ಸಣ್ಣ ತುಂಡು ಮೊಝರೆಲ್ಲಾ ಇಟ್ಟು ಮುಚ್ಚಿ. ಹಿಟ್ಟು, ಬ್ರೆಡ್ ಪುಡಿ ಒಂದೇ ಸುತ್ತು, ಫ್ರಿಜ್‌ನಲ್ಲಿ ಅರ್ಧ ಗಂಟೆ, ಆಮೇಲೆ ಅದೇ ಬಿಸಿಯಲ್ಲಿ ಕೆಂಪಾಗುವ ತನಕ. ಸುತ್ತ ಆಲೂಗಡ್ಡೆಯ ಗೋಡೆ ಇರುವುದರಿಂದ ಒಳಗಿನ ಚೀಸ್ ಕರಗಿದರೂ ಅಲ್ಲೇ ನಿಲ್ಲುತ್ತದೆ. ಮೊದಲ ಸಲ ಮಾಡುವವರು ಇದರಿಂದಲೇ ಶುರು ಮಾಡಿದರೂ ಒಳ್ಳೆಯದು, ಕೈಗೆ ಧೈರ್ಯ ಬರುತ್ತದೆ.

ಪನೀರ್ ಆದರೆ ಈ ಭಯವೇ ಇಲ್ಲ. ನಿಂಬೆರಸ ಹಾಕಿ ಹಾಲು ಒಡೆದು ಮಾಡುವ ಪನೀರ್ ಎಷ್ಟು ಕಾಯಿಸಿದರೂ ಕರಗಿ ಹರಿಯುವುದಿಲ್ಲ, ಅದರ ಸಸಾರಜನಕ ಬಿಸಿಗೆ ಸಡಿಲವಾಗುವ ಬದಲು ಇನ್ನೂ ಬಿಗಿಯಾಗುತ್ತದೆ. ಹಾಗಾಗಿ ಪನೀರ್ ಕಡ್ಡಿಗಳನ್ನು ಮಧ್ಯಮ ಬಿಸಿಯಲ್ಲಿ ಎರಡು ಮೂರು ನಿಮಿಷ ಆರಾಮವಾಗಿ ಕರಿಯಬಹುದು, ಚಿರೋಟಿ ರವೆ ಹೊದಿಕೆಯನ್ನೂ ಹಾಕಬಹುದು. ಖಾರದ ಪುಡಿ, ಅರಿಶಿನ, ಉಪ್ಪು, ನಿಂಬೆರಸವನ್ನು ಪನೀರಿಗೇ ಸವರಿ ಹತ್ತು ನಿಮಿಷ ಬಿಟ್ಟರೆ ರುಚಿ ಒಳಗೆ ಹಿಡಿಯುತ್ತದೆ.

ಏರ್ ಫ್ರೈಯರ್ ಇರುವವರು ಹೆಪ್ಪುಗಟ್ಟಿದ ಸ್ಟಿಕ್ಸ್‌ಗೆ ಎಣ್ಣೆ ಸವರಿ 200 ಡಿಗ್ರಿಯಲ್ಲಿ 6 ನಿಮಿಷ ಇಡಿ, 4 ನಿಮಿಷ ಆದಾಗ ಒಮ್ಮೆ ತೆರೆದು ನೋಡಿ. ಬಿಸಿ ಗಾಳಿ ನಿಧಾನಕ್ಕೆ ಕೆಲಸ ಮಾಡುವುದರಿಂದ ಸೋರುವ ಸಂಭವ ಜಾಸ್ತಿ. ಬ್ರೆಡ್ ಪುಡಿಯನ್ನು ಮೊದಲೇ ಒಂದು ಚಮಚ ಎಣ್ಣೆ ಹಾಕಿ ತವದಲ್ಲಿ ತಿಳಿ ಕೆಂಪಗೆ ಹುರಿದುಕೊಂಡರೆ ಬಣ್ಣಕ್ಕಾಗಿ ಕಾಯುವುದು ತಪ್ಪುತ್ತದೆ.

ಕರಿಯದೆ ಉಳಿದವನ್ನು ಗಟ್ಟಿಯಾದ ಮೇಲೆ ಡಬ್ಬಿಗೆ ಹಾಕಿ ಮುಚ್ಚಿಡಿ, ಫ್ರೀಜರ್‌ನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತವೆ. ನಾನು ಒಂದೇ ಸಲ ಎರಡು ಬ್ಲಾಕ್ ಮಾಡಿಡುತ್ತೇನೆ, ಸಂಜೆ ಮಳೆ ಬಂದಾಗ ಮೂರು ಮೂರು ತೆಗೆದು ಕರಿಯಲು. ಕರಿದದ್ದನ್ನು ಮಾತ್ರ ಹತ್ತು ನಿಮಿಷದ ಒಳಗೆ ತಿಂದುಬಿಡಬೇಕು. ತಣ್ಣಗಾದರೆ ಚೀಸ್ ರಬ್ಬರ್ ಆಗುತ್ತದೆ, ಮತ್ತೆ ಬಿಸಿ ಮಾಡಿದರೂ ಆ ದಾರ ಬರುವುದಿಲ್ಲ. ಅದಕ್ಕೇ ಮೊದಲು ಎಲ್ಲರನ್ನೂ ಕೂರಿಸಿ, ರಂಜಕ ಮೊಸರಿನ ಬಟ್ಟಲು ನಡುವೆ ಇಟ್ಟು, ಆಮೇಲೆ ಒಲೆ ಹಚ್ಚಿ.